ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ: ದಿನಾ ಓಡಾಡುವುದಾ, ಪಿಜಿ ಹಿಡಿಯುವುದಾ?

ಪ್ರಶ್ನೆ: ನಮ್ಮ ಮನೆ ತುಮಕೂರು. ಬೆಂಗಳೂರಿನಲ್ಲಿ ಹೊಸ ಕೆಲಸ ಸಿಕ್ಕಿದೆ, ಬರುವ ತಿಂಗಳು ಸೇರಬೇಕು. ಅಮ್ಮ ‘ಅಷ್ಟು ಜನ ದಿನಾ ಹೋಗಿ ಬರಲ್ವಾ, ನೀನೂ ಹೋಗಿ ಬಾ’ ಅಂತಾರೆ. ಗೆಳತಿಯರು ‘ಒಂದೇ ತಿಂಗಳಿಗೆ ಸುಸ್ತಾಗಿಬಿಡ್ತೀಯ, ಪಿಜಿ ನೋಡ್ಕೋ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಆಫೀಸು ಬೆಂಗಳೂರಿನಲ್ಲಿ ಎಲ್ಲಿದೆ ಅಂತ ನೀವು ಬರೆದಿಲ್ಲ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಬರೆಯುವುದೇ ಇಲ್ಲ. ‘ತುಮಕೂರಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್’ ಅಂತ ಲೆಕ್ಕ ಹಾಕಿ ಕೂತಿರುತ್ತಾರೆ. ಆ ಎಪ್ಪತ್ತನ್ನು ರೈಲು ನೋಡಿಕೊಳ್ಳುತ್ತದೆ. ಯಶವಂತಪುರಕ್ಕೆ ಎಕ್ಸ್‌ಪ್ರೆಸ್ ಆದರೆ ಒಂದು ಗಂಟೆ ಆಸುಪಾಸು, ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ಅಂತ ಎಲ್ಲ ಕಡೆ ನಿಂತು ಬರುವ ರೈಲಾದರೆ ಇನ್ನಷ್ಟು. ಜನ ಹೈರಾಣಾಗುವುದು ಯಶವಂತಪುರದಲ್ಲಿ ಇಳಿದ ಮೇಲೆ.

ಹಾಗಾಗಿ ಮೊದಲು ಆಫೀಸಿನ ವಿಳಾಸ ನೋಡಿ. ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕಡೆ ಇದ್ದರೆ ಯೋಚನೆಯೇ ಬೇಡ, ಓಡಾಡಿ. ರೈಲೂ ಬೇಕಿಲ್ಲ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ಕಂಡಕ್ಟರ್‌ಗೆ ಹೇಳಿ ಅಲ್ಲೋ ನಾಗಸಂದ್ರದಲ್ಲೋ ಬಸ್ಸಿಳಿದು ಮೆಟ್ರೊ ಹತ್ತಿದರೆ ಗೊರಗುಂಟೆಪಾಳ್ಯದ ಜಾಮ್ ನಿಮ್ಮದಲ್ಲ, ಬಸ್ಸಿನಲ್ಲಿ ಉಳಿದವರದ್ದು. ಮಲ್ಲೇಶ್ವರ, ರಾಜಾಜಿನಗರ, ಮೆಜೆಸ್ಟಿಕ್, ವಿಧಾನಸೌಧ, ಎಂ.ಜಿ. ರೋಡ್ ಆದರೂ ತೊಂದರೆಯಿಲ್ಲ. ಯಶವಂತಪುರದಲ್ಲಿ ಇಳಿದು ಮೆಟ್ರೊಗೆ ನಡೆದುಕೊಂಡೇ ಹೋಗಬಹುದು. ಸಿಟಿ ಸ್ಟೇಷನ್‌ವರೆಗೆ ಹೋಗುವ ರೈಲಾದರೆ ಅಲ್ಲೂ ಎದುರಿಗೇ ನೇರಳೆ ಮಾರ್ಗ ಸಿಗುತ್ತದೆ.

ಎಲೆಕ್ಟ್ರಾನಿಕ್ ಸಿಟಿ ಅಂದರೆ ನಾನು ಸ್ವಲ್ಪ ತಡವರಿಸುತ್ತೇನೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ದಾರಿಯೇನೋ ಆಗಿದೆ: ಯಶವಂತಪುರದಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಬದಲಿಸಿ ಬೊಮ್ಮಸಂದ್ರ ಕಡೆಯ ಮೆಟ್ರೊ. ಆದರೆ ಒಂದು ರೈಲು, ಎರಡು ಮೆಟ್ರೊ, ಮೇಲೊಂದು ಆಟೋ. ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸಾದರೆ ಹೂಂ ಅನ್ನಬಹುದು. ವೈಟ್‌ಫೀಲ್ಡ್, ಮಾರತಹಳ್ಳಿ, ಬೆಳ್ಳಂದೂರು ಆದರೆ ನಿಮ್ಮ ಗೆಳತಿಯರೇ ಸರಿ. ವೈಟ್‌ಫೀಲ್ಡ್‌ಗೆ ಮೆಟ್ರೊ ಇದೆ ನಿಜ, ಆದರೆ ಅದು ಊರಿನ ಇನ್ನೊಂದು ತುದಿ. ಮನೆಯ ಬಾಗಿಲಿಂದ ಆಫೀಸಿನ ಬಾಗಿಲಿಗೆ ಒಂದು ಕಡೆಗೆ ಎರಡು ಗಂಟೆ, ಅಷ್ಟೇ ನಾನು ಹಾಕುವ ಗೆರೆ. ದಾಟಿದರೆ ಪಿಜಿ.

ಇದಕ್ಕಿಂತ ಕಷ್ಟಪಟ್ಟು ಬರುವವರಿಲ್ಲವೇ ಅಂದರೆ, ಇದ್ದಾರೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆಮೇಲೆ ಕೆಜಿಎಫ್‌ನವರಿಗೆ ಕೆಲಸ ಅಂದರೆ ಬೆಂಗಳೂರು ಅನ್ನುವ ಹಾಗಾಯಿತು. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್ ಸ್ಟೇಷನ್‌ಗಳಲ್ಲಿ ನಸುಕಿಗೇ ರೈಲು ಹತ್ತಿ, ರಾತ್ರಿ ಮನೆ ಸೇರುವವರು ಸಾವಿರಗಟ್ಟಲೆ. ಅವರನ್ನು ತೋರಿಸಿ ‘ನೋಡು, ಅವರು ಮಾಡಲ್ವಾ’ ಅನ್ನುವುದು ನನಗೆ ಸರಿಕಾಣುವುದಿಲ್ಲ. ಬೇರೆ ದಾರಿ ಇದ್ದಿದ್ದರೆ ಅವರಲ್ಲಿ ಎಷ್ಟು ಜನ ಹೀಗೆ ಓಡಾಡುತ್ತಿದ್ದರು? ನಿಮಗೆ ಆರಿಸಿಕೊಳ್ಳುವ ಅವಕಾಶ ಇದೆ, ಅದನ್ನು ಬಳಸಿ.

ದುಡ್ಡಿನ ವಿಷಯದಲ್ಲಿ ಹೊಸಬರಿಗೆ ಆಶ್ಚರ್ಯ ಆಗುವ ಸಂಗತಿ ಒಂದಿದೆ. ರೈಲಿನ ತಿಂಗಳ ಪಾಸು ಎಷ್ಟು ಅಗ್ಗ ಅಂದರೆ, ತಿಂಗಳ ಕೊನೆಗೆ ಕೂಡಿಸಿದಾಗ ಆ ಎಪ್ಪತ್ತು ಕಿಲೋಮೀಟರಿಗಿಂತ ಊರೊಳಗಿನ ಮೆಟ್ರೊದ ಖರ್ಚೇ ಹೆಚ್ಚಾಗಿರುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿಸಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಮಾಡಿದರಲ್ಲ, ಆಗಿನಿಂದಂತೂ ಅಂತರ ಇನ್ನೂ ದೊಡ್ಡದು. ಮೆಟ್ರೊಗೆ ಸ್ಮಾರ್ಟ್ ಕಾರ್ಡ್ ಮಾಡಿಸಿ, ಸ್ವಲ್ಪ ರಿಯಾಯಿತಿ ಸಿಗುತ್ತದೆ. ರೈಲಿಗೆ ಮೂರು ತಿಂಗಳ ಪಾಸೂ ಇದೆ, ಒಂದು ತಿಂಗಳ ಪಾಸಿನ 2.7 ಪಟ್ಟು ಬೆಲೆ. ಆದರೆ ಮೊದಲ ಸಲ ಒಂದು ತಿಂಗಳದ್ದೇ ತಗೊಳ್ಳಿ. ಪಾಸು ಇರುವುದು ಜನರಲ್ ಬೋಗಿಗೆ. ರಿಸರ್ವೇಶನ್ ಬೋಗಿಯಲ್ಲಿ ಖಾಲಿ ಸೀಟು ಕಂಡಿತು ಅಂತ ಕೂತರೆ ಟಿಸಿ ದಂಡ ಹಾಕುತ್ತಾರೆ. ವಂದೇ ಭಾರತ್, ಶತಾಬ್ದಿಯಲ್ಲಂತೂ ಪಾಸು ನಡೆಯುವುದೇ ಇಲ್ಲ. ನೀವು ಹೆಣ್ಣುಮಗಳಾದ್ದರಿಂದ ಇನ್ನೊಂದು ಲೆಕ್ಕವೂ ಇದೆ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು ನಿಮಗೆ ಉಚಿತ. ಹಾಗಂತ ರೈಲು ಪಾಸು ಬಿಡಬೇಡಿ. ಎರಡೂ ಕೈಯಲ್ಲಿರಲಿ.

ಯಾಕೆ ಅಂದರೆ ಬೆಳಗಿನ ರೈಲು ತಪ್ಪುವುದು ಅಪರೂಪ, ಸಂಜೆಯದ್ದು ತಪ್ಪುವುದು ಮಾಮೂಲು. ಬೆಳಿಗ್ಗೆ ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಸಂಜೆ ಐದೂವರೆಗೆ ಯಾರೋ ‘ಒಂದೈದು ನಿಮಿಷ ಬನ್ನಿ’ ಅಂತಾರೆ. ಆ ಐದು ನಿಮಿಷ ಹದಿನೈದಾಗಿ, ನೀವು ಯಶವಂತಪುರದ ಮೆಟ್ಟಿಲಿಳಿಯುವಾಗ ರೈಲಿನ ಕೊನೇ ಬೋಗಿ ಕಾಣುತ್ತದೆ. ಕೆಲಸಕ್ಕೆ ಸೇರುವ ಮೊದಲೇ ಸಂಜೆಯ ಲೆಕ್ಕ ಮಾಡಿಡಿ: ಹಿಡಿಯಬೇಕಾದ ರೈಲು, ಅದು ತಪ್ಪಿದರೆ ಮುಂದಿನದು, ಅದೂ ತಪ್ಪಿದರೆ ಬಸ್ಸು ಎಲ್ಲಿ ಹತ್ತಬೇಕು. ಮೇಲಿನವರಿಗೂ ಮೊದಲ ವಾರದಲ್ಲೇ ಹೇಳಿಬಿಡಿ, ‘ಸರ್, ನಾನು ಇಷ್ಟು ಹೊತ್ತಿಗೆ ಹೊರಟರೆ ರೈಲು ಸಿಗುತ್ತೆ, ಬೇಕಾದರೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರ್ತೀನಿ’ ಅಂತ. ಮೊದಲ ವಾರ ಇದನ್ನು ಹೇಳಿದರೆ ಅನುಕೂಲ ಕೇಳಿದ ಹಾಗೆ, ಮೂರನೇ ತಿಂಗಳು ಹೇಳಿದರೆ ದೂರು ಹೇಳಿದ ಹಾಗೆ.

ಇನ್ನು ರೈಲಿನೊಳಗಿನ ಲೋಕ. ಮೊದಲ ದಿನ ಹತ್ತಿದಾಗ ಎಲ್ಲ ಸೀಟಿನ ಮೇಲೂ ಒಂದೊಂದು ಕರ್ಚೀಫು, ನೀರಿನ ಬಾಟಲಿ, ಪೇಪರ್ರು ಇರುತ್ತದೆ. ಮನುಷ್ಯರು ಇರುವುದಿಲ್ಲ. ‘ಬರ್ತಾರಮ್ಮಾ’ ಅಂತ ಪಕ್ಕದವರು ಹೇಳುತ್ತಾರೆ. ಅವರು ಮುಂದಿನ ಸ್ಟೇಷನ್ನಿನಲ್ಲಿ ಬರುವವರು! ಕಾನೂನು ಮಾತಾಡಿ ಜಗಳಕ್ಕೆ ನಿಂತು ಗೆದ್ದವರನ್ನು ನಾನು ಕಂಡಿಲ್ಲ. ದಿನಾ ಒಂದೇ ಬೋಗಿ ಹತ್ತಿ, ಹೆಂಗಸರ ಬೋಗಿ ಇದ್ದರೆ ಅದನ್ನೇ ಹತ್ತಿ. ಸ್ವಲ್ಪ ದಿನಕ್ಕೆ ನಿಮ್ಮ ಹೆಸರಿಗೂ ಒಂದು ಕರ್ಚೀಫು ಬೀಳುತ್ತದೆ. ಅಲ್ಲೇ ಡಬ್ಬಿ ಬಿಚ್ಚಿ ತಿಂಡಿ ಮುಗಿಸುವವರು, ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ರಾತ್ರಿ ಅಡುಗೆಗೆ ಅಣಿಮಾಡಿಕೊಳ್ಳುವವರು, ನಿಂತೇ ನಿದ್ದೆ ಮಾಡುವವರು ಎಲ್ಲ ಸಿಗುತ್ತಾರೆ. ಯಾವ ರೈಲು ಯಾವ ದಿನ ಲೇಟು, ಯಾವುದನ್ನು ಕ್ರಾಸಿಂಗಿಗೆ ನಿಲ್ಲಿಸುತ್ತಾರೆ ಅನ್ನುವುದು ಆ್ಯಪ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಅವರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಕೊಳ್ಳಿ.

ಮೊದಲ ಎರಡು ಮೂರು ವಾರ ಸುಸ್ತಾಗೇ ಆಗುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ತಿಂಗಳು ಕಳೆದ ಮೇಲೂ ಭಾನುವಾರ ಪೂರ್ತಿ ಹಾಸಿಗೆಯಲ್ಲೇ ಹೋಗುತ್ತಿದ್ದರೆ ಮಾತ್ರ ಪಿಜಿಯ ಮಾತು ತೆಗೆಯಿರಿ. ಇದು ಅಮ್ಮನಿಗೂ ಸಂಬಂಧಪಟ್ಟ ವಿಷಯ. ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟುವವರು ಅವರೇ ಆದರೆ, ಓಡಾಟದ ಅರ್ಧ ಭಾರ ಅವರ ಮೇಲೂ ಬಿದ್ದಿರುತ್ತದೆ. ಹಾಗೇ ಮನೆ ಸೇರುವ ಹೊತ್ತಿಗೆ ರಾತ್ರಿ ಎಂಟೂವರೆ ಆದವಳಿಂದ ಪಾತ್ರೆ, ಒಗೆತ, ನೆಂಟರ ಉಪಚಾರ ನಿರೀಕ್ಷಿಸಬಾರದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಮನೆಯಲ್ಲಿ ಈ ಮಾತು ಆಗದೆ ಕೆಲಸ ಬಿಟ್ಟವರಿದ್ದಾರೆ, ರೈಲಿನ ಮೇಲೆ ತಪ್ಪು ಹೊರಿಸಿ.

ಮುಂದೆ ಬರುವುದನ್ನು ನಂಬಿ ಈಗಿನದನ್ನು ನಿರ್ಧರಿಸಬೇಡಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. 148 ಕಿಲೋಮೀಟರ್, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ. ಹೆಸರು ಚೆನ್ನಾಗಿವೆ. ಮಲ್ಲಿಗೆಯೂ ಚಿಕ್ಕಬಾಣಾವರದಲ್ಲೇ ನಿಲ್ಲುತ್ತದೆ, ತುಮಕೂರಿಗೆ ಬರುವುದಿಲ್ಲ. ತುಮಕೂರು ಮೆಟ್ರೊ ಸುದ್ದಿಯೂ ಆಗಾಗ ಬರುತ್ತಿರುತ್ತದೆ. ಬಂದಾಗ ಹತ್ತೋಣ.

ಈ ವಾರ ಒಂದು ಕೆಲಸ ಮಾಡಿ. ಸೋಮವಾರವೋ ಮಂಗಳವಾರವೋ, ಭಾನುವಾರ ಮಾತ್ರ ಬೇಡ, ಕೆಲಸಕ್ಕೆ ಹೊರಟವರಂತೆಯೇ ಡಬ್ಬಿ ಹಿಡಿದು ಹೊರಟು ಆಫೀಸಿನ ಗೇಟು ಮುಟ್ಟಿ. ಸಂಜೆ ಆಫೀಸು ಬಿಡುವ ಹೊತ್ತಿನವರೆಗೂ ಊರಲ್ಲೇ ಇದ್ದು, ಆ ಗೇಟಿನಿಂದಲೇ ವಾಪಸು ಹೊರಡಿ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.