ಅಂಕಪಟ್ಟಿಯನ್ನು ಪೋಷಕರ ಗ್ರೂಪಿಗೆ ಹಾಕಿದರೆ ತಪ್ಪೇನು?

ಪ್ರಶ್ನೆ: ಜಗಳೂರು ಕಡೆಯ ಹಳ್ಳಿಶಾಲೆಯಲ್ಲಿ ಗಣಿತದ ಮೇಷ್ಟ್ರು ನಾನು. ಘಟಕ ಪರೀಕ್ಷೆಯ ಅಂಕಪಟ್ಟಿಯ ಫೋಟೊ ತೆಗೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುವುದು ನಮ್ಮಲ್ಲಿ ರೂಢಿ. ಮೊನ್ನೆ ಒಬ್ಬ ತಾಯಿ ಬೇಜಾರು ಮಾಡಿಕೊಂಡರು. ಇದರಲ್ಲಿ ತಪ್ಪೇನಿದೆ?

ಉತ್ತರ: ತಪ್ಪಿದೆ ಮೇಷ್ಟ್ರೇ. ಪಾಠ ಹೇಳುತ್ತಿದ್ದ ಕಾಲಕ್ಕೆ ನಾನೂ ಇದನ್ನೇ ಮಾಡಿದವನು, ಹಾಗಾಗಿ ಬೈಯುವ ಹಕ್ಕು ನನಗಿಲ್ಲ.

ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿ ಊರು ದಾಟುತ್ತಿರಲಿಲ್ಲ. ಫೋನಿನದು ಹಾಗಲ್ಲ. ಎಷ್ಟೋ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನು, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಮೆಕ್ಕೆಜೋಳದ ಲೋಡು ತಂದು ದಾವಣಗೆರೆ ಎಪಿಎಂಸಿಯಲ್ಲಿ ತೂಕಕ್ಕೆ ಕಾಯುತ್ತಿರುವಾಗ ನಿಮ್ಮ ಪಟ್ಟಿ ಬರುತ್ತದೆ. ಅದೇ ಗ್ರೂಪಿನಲ್ಲಿರುವ ಪಕ್ಕದ ಊರಿನವನೂ ನೋಡುತ್ತಾನೆ: ‘ಏನಪಾ, ನಿನ್ ಮಗಳಿಗೆ ಇಪ್ಪತ್ತಕ್ಕೆ ಮೂರೇ ಬಂದೈತಲ್ಲ?’ ‘ಓದಿದ್ದು ಸಾಕು, ಹೊಲಕ್ಕೆ ಬಾ’ ಎಂಬ ಮಾತು ಹುಟ್ಟುವುದು ಇಂಥ ಅವಮಾನದಲ್ಲೇ. ಆಮೇಲೆ ನೀವು ಅಳಿಸಿದರೂ ಯಾರದೋ ಗ್ಯಾಲರಿಯಲ್ಲಿ ಅದು ಉಳಿದಿರುತ್ತದೆ.

ಇನ್ನು ಕಾನೂನು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಲಿಕೆ, ಸುರಕ್ಷತೆಯ ಕೆಲಸಕ್ಕೆ ಶಾಲೆಗಳಿಗೆ ಒಂದಿಷ್ಟು ವಿನಾಯಿತಿಯೂ ಉಂಟು. ಆದರೆ ಒಂದು ಮನೆಯ ಮಗುವಿನ ಅಂಕವನ್ನು ಇನ್ನೊಂದು ಮನೆಗೆ ತೋರಿಸುವುದು ಕಲಿಕೆಯ ಕೆಲಸವೆಂದು ನನಗನ್ನಿಸುವುದಿಲ್ಲ.

ಗ್ರೂಪಿನಲ್ಲಿ ಇನ್ನೊಂದು ತೊಡಕಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಪ್ರತಿ ತಾಯಿಯ ನಂಬರು ಎಲ್ಲರಿಗೂ ಕಾಣುತ್ತದೆ. ರಾತ್ರಿ ಹತ್ತಕ್ಕೆ ‘ಹಾಯ್’ ಎಂದು ಬರುವ ಮೆಸೇಜು ಎಲ್ಲಿಂದ ಬಂತೆಂದು ಆಕೆ ಯಾರನ್ನು ಕೇಳಬೇಕು? ಸೂಚನೆ ಕಳಿಸಲಷ್ಟೇ ಆದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಳ್ಳಿ. 256 ಜನರವರೆಗೆ ಸೇರಿಸಬಹುದು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಂದೇ ಷರತ್ತು, ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರಬೇಕು. ಮುಂದಿನ ಪೋಷಕರ ಸಭೆಯಲ್ಲೇ ಆ ಕೆಲಸ ಮುಗಿಸಿ.

ಉತ್ತರಪತ್ರಿಕೆಯ ಫೋಟೊವನ್ನು ಎಐ ಆ್ಯಪಿಗೆ ಹಾಕಿ ತಿದ್ದಿಸುವ ಆಸೆಯಿದ್ದರೆ, ಹೆಸರು ಮತ್ತು ಸ್ಯಾಟ್ಸ್ ನಂಬರಿನ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ) ಮೇಲೆ ಒಂದು ಚೀಟಿ ಇಟ್ಟು ಫೋಟೊ ತೆಗೆಯಿರಿ.

ಅಂಕ ತಿಳಿಸಲು ಆ್ಯಪು ಬೇಕೇಬೇಕೆಂದಿಲ್ಲ. ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಮಗುವಿನ ಕೈಗೇ ಕೊಡಿ. ಫೋನಿಲ್ಲದ ಮನೆಗೂ ಅದು ಮುಟ್ಟುತ್ತದೆ.