ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ, ಮುಂದಿನ ಚೆಕಪ್‌ವರೆಗೆ ಮನೆಯಲ್ಲಿ ಏನು ನೋಡಿಕೊಳ್ಳಬೇಕು?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಅಲ್ಲಿಯವರೆಗೆ ನಾವೇನು ಮಾಡಬೇಕು? ಸದ್ಯಕ್ಕಂತೂ ಅವರಿಗೆ ಒಂದು ಬಿಂದಿಗೆ ಎತ್ತಲೂ ಬಿಡುತ್ತಿಲ್ಲ.

ಉತ್ತರ: ಮೊದಲು ಆ ಬಿಂದಿಗೆಯ ವಿಷಯ. ಆಪರೇಷನ್ ಗಾಯ ಪೂರ್ತಿ ಮಾಗಿ ಡಾಕ್ಟರು ಒಪ್ಪಿದ್ದರೆ ಅಮ್ಮನನ್ನು ಕೂರಿಸಿಬಿಡಬೇಡಿ. ಗ್ರಂಥಿ ತೆಗೆದ ಕಡೆಯ ಕೈಯಲ್ಲಿ ಭಾರ ಎತ್ತಿದರೆ ಬಾವು ಬರುತ್ತದೆ ಎಂದು ಹಿಂದೆ ಡಾಕ್ಟರುಗಳೇ ಹೇಳುತ್ತಿದ್ದರು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಗಲೇ ಕೈ ಬಾವು ಇದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ತರಬೇತುದಾರರ ಕಣ್ಗಾವಲಲ್ಲಿ ನಿಧಾನವಾಗಿ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅವರ ಬಾವು ಹೆಚ್ಚಲಿಲ್ಲ, ಆಗಾಗ ಉಲ್ಬಣಿಸುವುದೂ ಕಡಿಮೆಯಾಯಿತು. ಹಾಗಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತುಕೊಂಡು, ಚೊಂಬು ನೀರಿನಿಂದ ಶುರುಮಾಡಿ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಲಿ.

ಬಾವು ಶುರುವಾದರೆ ಮೊದಲು ಗೊತ್ತಾಗುವುದು ಅಮ್ಮನಿಗೇ. ಬೆಳಿಗ್ಗೆ ಸಲೀಸಾಗಿ ಆಡುತ್ತಿದ್ದ ಬಳೆ ಸಂಜೆಗೆ ಬಿಗಿಯುತ್ತದೆ, ರವಿಕೆ ತೋಳಿನ ಅಂಚು ಚರ್ಮದ ಮೇಲೆ ಅಚ್ಚೊತ್ತುತ್ತದೆ, ಕೈ ಭಾರ ಅನ್ನಿಸುತ್ತದೆ. ಟೈಲರ್ ಟೇಪು ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ, ಎರಡೂ ಕೈಗಳ ಸುತ್ತಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ಕೈಗಳ ನಡುವಿನ ವ್ಯತ್ಯಾಸ ಮೊದಲಿಗಿಂತ 2 ಸೆಂ.ಮೀ. ಹೆಚ್ಚಾದರೆ ತೋರಿಸಬೇಕು. ಬೇಗ ಹೋದರೆ ಬಿಗಿ ತೋಳುಚೀಲ, ಬ್ಯಾಂಡೇಜು, ವ್ಯಾಯಾಮದಲ್ಲೇ ಹತೋಟಿಗೆ ಬರುತ್ತದೆ. ಆದರೆ ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಅದು ಸೋಂಕಿರಬಹುದು. ಈಳಿಗೆ ತಾಗಿದ ಗಾಯ, ಮುಳ್ಳು ಚುಚ್ಚಿದ್ದು ಏನೇ ಇರಲಿ, ಸೋಪಿನಲ್ಲಿ ತೊಳೆದು ಮುಲಾಮು ಹಚ್ಚುವ ಅಭ್ಯಾಸವಾಗಲಿ.

ಇನ್ನು ಮಾತ್ರೆ. ಈ ಕ್ಯಾನ್ಸರಿಗೆ ಹೀಗೆ ದಿನಕ್ಕೊಂದು ಕೊಡುವುದು ಸಾಮಾನ್ಯವಾಗಿ ಹಾರ್ಮೋನ್ ತಡೆಯುವ ಮಾತ್ರೆ. ಆಪರೇಷನ್ ಆಗಿ, ಕೂದಲು ಮತ್ತೆ ಬಂದ ಮೇಲೆ ಈ ಒಂದು ಮಾತ್ರೆ ಯಾರ ಕಣ್ಣಿಗೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಕಾಯಿಲೆ ಮರುಕಳಿಸದಂತೆ ತಡೆಯುವ ಕೆಲಸದಲ್ಲಿ ಬಹುಪಾಲು ಈಗ ಅದರದೇ. ಕನಿಷ್ಠ 5 ವರ್ಷ, ಕೆಲವರಿಗೆ 10 ವರ್ಷದವರೆಗೂ ಬೇಕಾಗುತ್ತದೆ. ಲೆಟ್ರೊಜೋಲ್ ಅಥವಾ ಅನಾಸ್ಟ್ರೋಜೋಲ್ ಆದರೆ ಬೆಳಿಗ್ಗೆ ಎದ್ದಾಗ ಬೆರಳು, ಮಂಡಿ ಹಿಡಿದುಕೊಳ್ಳಬಹುದು. ‘ವಯಸ್ಸಾಯ್ತಲ್ಲ’ ಎಂದು ನುಂಗಿಕೊಂಡು, ಕೊನೆಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವವರು ತುಂಬ ಜನ. ದಯವಿಟ್ಟು ಹಾಗಾಗಲು ಬಿಡಬೇಡಿ. ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸುವ ದಾರಿ ಇದೆ, ನಡಿಗೆಯಿಂದಲೂ ಆ ನೋವು ತಗ್ಗುತ್ತದೆ. ಈ ಮಾತ್ರೆಗಳು ಮೂಳೆಯನ್ನು ಸವೆಸುವುದರಿಂದ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಯಾವಾಗ, ಕ್ಯಾಲ್ಸಿಯಂ ಎಷ್ಟು ಎಂದು ಕೇಳಿ. ಟಮಾಕ್ಸಿಫೆನ್ ಆದರೆ ಎಚ್ಚರ ಬೇರೆ: ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಏಕಾಏಕಿ ಉಸಿರು ಕಟ್ಟಿದರೆ ತಡಮಾಡಬಾರದು. ಖಿನ್ನತೆಯ ಮಾತ್ರೆಗಳಲ್ಲಿ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಟಮಾಕ್ಸಿಫೆನ್‌ನ ಪರಿಣಾಮವನ್ನು ಕುಗ್ಗಿಸಬಲ್ಲವು. ಕಷಾಯ, ನಾಟಿ ಔಷಧಿ ಸೇರಿದಂತೆ ಅಮ್ಮ ತೆಗೆದುಕೊಳ್ಳುವ ಎಲ್ಲದರ ಪಟ್ಟಿ ನೋಟ್‌ಬುಕ್ಕಿನಲ್ಲಿರಲಿ.

‘ತಲೆಯಿಂದ ಕಾಲಿನವರೆಗೆ ಒಂದು ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣ’ ಎಂದು ಮನೆಯವರು ಒತ್ತಾಯ ಮಾಡುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಯಾವ ತೊಂದರೆಯೂ ಇಲ್ಲದಾಗ ಅಂಥ ಸ್ಕ್ಯಾನ್ ಮಾಡಿಸುವುದರಿಂದ ಆಯಸ್ಸು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಬೇಕಾಗಿರುವುದು ವರ್ಷಕ್ಕೊಂದು ಮ್ಯಾಮೊಗ್ರಾಂ ಮತ್ತು ತಪ್ಪದ ಚೆಕಪ್. ಗಾಯದ ಗುರುತಿನಲ್ಲಿ, ಕಂಕುಳಲ್ಲಿ, ಇನ್ನೊಂದು ಸ್ತನದಲ್ಲಿ ಹೊಸ ಗಂಟು, ಎರಡು ವಾರ ಕಳೆದರೂ ಹೋಗದ ಮೂಳೆ ನೋವು, ಬಿಡದ ಕೆಮ್ಮು, ಕಣ್ಣು ಹಳದಿಯಾಗುವುದು, ವಾಂತಿಯೊಂದಿಗೆ ತಲೆನೋವು: ಇವುಗಳಲ್ಲಿ ಯಾವುದೇ ಕಂಡರೂ ಕೊಟ್ಟ ತಾರೀಖಿಗೆ ಕಾಯದೆ ಹೋಗಬೇಕು.

ನಡಿಗೆ ದಿನಾ ಇರಲಿ. ಕೀಮೋ ಮುಗಿದು ತಿಂಗಳುಗಳಾದರೂ ಉಳಿಯುವ ಸುಸ್ತಿಗೆ ಮಲಗುವುದಕ್ಕಿಂತ ನಡೆಯುವುದೇ ಒಳ್ಳೆಯ ಮದ್ದು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 889 ಮಂದಿ ಇದ್ದರು. ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಕ್ಕೆ ನೂರಕ್ಕೆ 90 ಮಂದಿ ಬದುಕಿದ್ದರು, ಬರೀ ಸಲಹೆಯ ಪುಸ್ತಿಕೆ ಪಡೆದವರಲ್ಲಿ 83. ಅದು ದೊಡ್ಡ ಕರುಳಿನ ಕ್ಯಾನ್ಸರಿನ ಲೆಕ್ಕ, ಸ್ತನ ಕ್ಯಾನ್ಸರಿಗೆ ಹಾಗೇ ಅನ್ವಯಿಸಲಾಗದು. ಆದರೂ ವ್ಯಾಯಾಮವನ್ನು ಚಿಕಿತ್ಸೆಯ ಭಾಗವೆಂದೇ ನೋಡಬೇಕು ಎನ್ನಲು ನನಗೆ ಅಷ್ಟು ಸಾಕು.

ಚೆಕಪ್ ಹತ್ತಿರ ಬಂದಂತೆ ಅಮ್ಮನಿಗೆ ನಿದ್ದೆ ಹಾರಿಹೋಗಬಹುದು. ‘ಎಲ್ಲಾ ಸರಿಹೋಯ್ತಲ್ಲ, ಯಾಕೆ ಯೋಚನೆ’ ಅನ್ನಬೇಡಿ, ಹೇಳಿಕೊಳ್ಳಲು ಬಿಡಿ. ಭಯ ದಿನದ ಕೆಲಸವನ್ನೇ ಕೆಡಿಸುವಷ್ಟಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಹೋದಾಗ ಯಾವ ಆಪರೇಷನ್, ಯಾವ ಕೀಮೋ ಔಷಧಿ ಎಷ್ಟು, ಎಷ್ಟು ರೇಡಿಯೇಷನ್, ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್, ಹರ್‌-2 (ಕ್ಯಾನ್ಸರ್ ಯಾವ ಬಗೆಯದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಸುವ ಪರೀಕ್ಷೆಗಳು) ಏನು ಬಂದಿದೆ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಒಂದು ಪ್ರತಿ ನಿಮ್ಮೂರಿನ ಡಾಕ್ಟರ ಬಳಿಯೂ ಇರಲಿ. ಒಳಗೆ ಹೋದಾಗ ಮೊದಲು ಅಮ್ಮನೇ ಮಾತಾಡಲಿ, ನೋಟ್‌ಬುಕ್ಕು ಅವರ ಕೈಯಲ್ಲೇ ಇರಲಿ. ಕೊನೆಗೆ ಐದು ನಿಮಿಷ ನೀವು ಹೊರಗೆ ಕೂತಿರಿ. ಈ ಮಾತ್ರೆಗಳಿಂದ ಯೋನಿ ಒಣಗಿ ಉರಿಯುವುದು ಸಾಮಾನ್ಯ. ಮಕ್ಕಳೆದುರು ಅದನ್ನು ಯಾವ ಅಮ್ಮನೂ ಹೇಳುವುದಿಲ್ಲ. ಅದಕ್ಕೆ ಹಾರ್ಮೋನ್ ಇಲ್ಲದ ಜೆಲ್‌ಗಳಿವೆ. ಮೆಡಿಕಲ್ ಶಾಪಿನಿಂದ ಹಾರ್ಮೋನ್ ಕ್ರೀಮನ್ನು ಮಾತ್ರ ಡಾಕ್ಟರನ್ನು ಕೇಳದೆ ತಂದು ಹಚ್ಚಬಾರದು.