ಗೊತ್ತಿರುವ ಪೈಪನ್ನೇ ಮತ್ತೆ ಹುಡುಕುವುದು

ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಬೋರ್ ಪಾಯಿಂಟ್ ನೋಡಲು ಒಬ್ಬರು ಮಿಷನ್ ತಂದಿದ್ದರು. ನಾಲ್ಕು ಕಬ್ಬಿಣದ ಗೂಟ ಹೊಡೆದು, ವೈರ್ ಎಳೆದು, ಕರೆಂಟ್ ಬಿಟ್ಟು, "ಇಲ್ಲೇ ಕೊರೆಸಿ" ಅಂದರು. ಕೊರೆಸಿದೆವು. ಬಂದದ್ದು ಬರೀ ಧೂಳು.

ಅಡಿಕೆ ಮಂಡಿಯ ತಕ್ಕಡಿ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕದ ಬಟ್ಟು ಇಟ್ಟು ನೋಡುತ್ತೇವೆ, ಅಲ್ವಾ? ನೆಲದೊಳಗೆ ಹುಡುಕುವ ಉಪಕರಣಗಳಿಗೂ ಅಂಥದ್ದೊಂದು ಬಟ್ಟು ಬೇಕು. ಅದಕ್ಕೇ ಟೆಸ್ಟ್ ಸೈಟ್ ಮಾಡುತ್ತಾರೆ: ಒಂದು ಜಾಗದಲ್ಲಿ ಕಬ್ಬಿಣದ ಡ್ರಮ್, ಪಿವಿಸಿ ಪೈಪು, ಕೇಬಲ್ ಎಲ್ಲ ಹೂತು, ಯಾವುದು ಎಲ್ಲಿ, ಎಷ್ಟು ಆಳದಲ್ಲಿ ಅಂತ ಬರೆದಿಡುತ್ತಾರೆ. ಹೂಳುವ ಮೊದಲೇ ಖಾಲಿ ನೆಲವನ್ನೂ ಅಳೆದಿಟ್ಟಿರಬೇಕು. ಇಲ್ಲದಿದ್ದರೆ ಮಿಷನ್ ತೋರಿಸಿದ್ದು ಡ್ರಮ್ಮೋ, ಮೊದಲಿಂದ ಇದ್ದ ಬಂಡೆಯೋ?

ಬೇರೆ ಊರಿನ ಸೈಟಲ್ಲಿ ಪಾಸಾದದ್ದು ನಮ್ಮಲ್ಲೂ ಪಾಸಾಗುತ್ತದೆ ಅಂತಿಲ್ಲ. ನೆಲದೊಳಗೆ ಅಲೆ ಬಿಡುವ ರೇಡಾರ್ ತಗೊಳ್ಳಿ. ಗಾಳಿಯಲ್ಲಿ ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಓಡುವ ಅಲೆ, ಒಣ ಮಣ್ಣಲ್ಲಿ ಸುಮಾರು 10ಕ್ಕೆ, ನೀರು ಕುಡಿದ ಮಣ್ಣಲ್ಲಿ 6ರ ಆಸುಪಾಸಿಗೆ ಇಳಿಯುತ್ತದೆ. 1 ಮೀಟರ್ ಆಳದ ಪೈಪಿಗೆ ಬಡಿದು ವಾಪಸ್ ಬರಲು ಬೇಸಿಗೆಯಲ್ಲಿ 20 ನ್ಯಾನೋಸೆಕೆಂಡ್ ಸಾಕು, ಆರಿದ್ರಾ ಮಳೆ ಹಿಡಿದ ಮೇಲೆ 33 ಬೇಕು. ಬೇಸಿಗೆಯ ಲೆಕ್ಕವನ್ನೇ ಹಾಕಿದರೆ ಪೈಪು 1.6 ಮೀಟರಿಗೂ ಕೆಳಗೆ ಹೋಗಿ ಕೂತಿರುತ್ತದೆ! ಪೈಪು ಅಲ್ಲಾಡಿಲ್ಲ, ಮಳೆ ಬಂದಿದೆ ಅಷ್ಟೆ. ಹಾಗಾಗಿ ಮಲೆನಾಡಲ್ಲಿ ಸೈಟ್ ಮಾಡಿದರೆ ಏಪ್ರಿಲಲ್ಲೂ ಜುಲೈಯಲ್ಲೂ ಅಳೆಯಬೇಕು.

ಕಾಂತತ್ವ ಅಳೆಯುವ ಮ್ಯಾಗ್ನೆಟೋಮೀಟರಿನ ಗೋಳೇ ಬೇರೆ. ಜಂಬಿಟ್ಟಿಗೆ ಕಲ್ಲಲ್ಲೇ ಕಬ್ಬಿಣದ ಅಂಶ ಜಾಸ್ತಿ. ಅದರ ಮೇಲೆ, ಹಿಡಿದು ನಡೆಯುವವನ ಸೊಂಟದಲ್ಲಿ ಕತ್ತಿ ನೇತಾಡುತ್ತಿದ್ದರೆ ಮುಗೀತು.

ಗೂಟದ ಮೀಟರಿಗೆ ಸುಲಭದ ಪರೀಕ್ಷೆಯೊಂದಿದೆ. ಕರೆಂಟ್ ಬಿಡುವ ಎರಡು ಗೂಟ, ವೋಲ್ಟೇಜ್ ಅಳೆಯುವ ಎರಡು ಗೂಟ, ಇವುಗಳ ವೈರ್ ಅದಲುಬದಲು ಮಾಡಿದರೂ ಮೊದಲಿನ ಅಂಕಿಯೇ ಬರಬೇಕು. ಬಂದರೂ ಅದು ನೀರಿನ ಅಂಕಿ ಅಲ್ಲ. ಕರೆಂಟ್ ಎಷ್ಟು ಸಲೀಸಾಗಿ ಹರಿಯಿತು ಅನ್ನುವುದಷ್ಟೇ. ಒದ್ದೆ ಜೇಡಿಮಣ್ಣಲ್ಲೂ ಸಲೀಸಾಗೇ ಹರಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಇನ್ನೊಬ್ಬರು ಬಂದರು. ಮೊದಲು ಪಕ್ಕದ ಮನೆಯ ತುಂಬಿದ ಬೋರ್ ಕಡೆ ಕರೆದುಕೊಂಡು ಹೋದೆ, ನೀರಿನ ವಿಷಯ ಎತ್ತಲಿಲ್ಲ. ಕಬ್ಬಿಣದ ಕೇಸಿಂಗ್ ಪೈಪ್ ಅಡ್ಡ ಬಾರದ ಹಾಗೆ ಸ್ವಲ್ಪ ದೂರ ನಿಂತು ಅಳೆದರು. ಆಮೇಲೆ ಧೂಳು ಬಂದ ನಮ್ಮ ಗುಂಡಿ ಹತ್ತಿರ. ಎರಡೂ ಕಡೆ ಅಂಕಿ ಹೆಚ್ಚುಕಮ್ಮಿ ಒಂದೇ.

"ಈ ನೆಲದಲ್ಲಿ ಇದರಿಂದ ಆಗಲ್ಲ ಮಾರಾಯ್ರೆ" ಅಂತ ಅವರೇ ವೈರ್ ಸುತ್ತಿದರು. ದುಡ್ಡು ಮುಟ್ಟಲಿಲ್ಲ, ಕಾಫಿ ಕುಡಿದು ಹೋದರು.